ತಲೆಕೆಳಗಾದ ಕಡ್ಡಿ

ಹೋದ ವರ್ಷ ನಲವತ್ತು ಕಡ್ಡಿ ಸತ್ತವು.
ಕತ್ತರಿಸಿದ್ದು ಶೋಲ್ಪಾನ್ ಅಜ್ಜಿಯೇ, ಜನವರಿಯ ಕೊರೆತದಲ್ಲಿ,
ತಲ್ಗರ್ ಊರಿನ ಮೇಲುತೋಟದ ಕಟ್ಟಕಡೆಯ ಅಪೋರ್ಟ್ ಸೇಬಿನ ಮರದಿಂದ.
ಒದ್ದೆ ಬಟ್ಟೆಯಲ್ಲಿ ಹಸುಗೂಸಿನ ಹಾಗೆ ಸುತ್ತಿ
ನೆಲಮಾಳಿಗೆಯಲ್ಲಿ ಮಲಗಿಸಿದ್ದಳು.
ಪಕ್ಕದಲ್ಲೇ ಅದೇ ಮರದ ಹಣ್ಣಿನ ಪೆಟ್ಟಿಗೆ.
"ತಾಯಿಯ ವಾಸನೆ ಇರಲಿ" ಅಂದಿದ್ದಳಂತೆ.

ಮಾರ್ಚಿನಲ್ಲಿ ಬಿಚ್ಚಿದರೆ ಮೊಗ್ಗೆಲ್ಲ ಕಪ್ಪು.
ಅಲ್ಮಾಟಿಯ ಪ್ರಯೋಗಶಾಲೆಯಿಂದ ರಜೆಗೆ ಬಂದ ಸೊಸೆ ಅಕ್ಮಾರಲ್
ಪೆಟ್ಟಿಗೆ ಮೂಸಿದಳು. ಹೇಳಬಾರದಿತ್ತೇನೋ,
ಹೇಳಿಯೇಬಿಟ್ಟಳು:
ಮಾಗಿದ ಸೇಬು ಬಿಡುವ ಉಸಿರಿಗೆ ಎಥಿಲೀನ್ ಅಂತ ಹೆಸರು,
ಹಣ್ಣಿಗೆ ಅದು ಮಾಗು ಅನ್ನುತ್ತದೆ,
ಮಲಗಿದ ಮೊಗ್ಗಿಗೂ ಅದನ್ನೇ ಅನ್ನುತ್ತದೆ.
ಮೊಗ್ಗಿಗೆ ಮಾಗಲು ಬಾರದು. ಸಾಯಲು ಬರುತ್ತದೆ.

ಅಜ್ಜಿ ಮೂರು ದಿನ ಸೇಬು ಮುಟ್ಟಲಿಲ್ಲ.

ಈ ಸಲ ಹಿಮದಲ್ಲಿ ಹೂತಳು, ಉತ್ತರದ ಗೋಡೆಯ ಬುಡಕ್ಕೆ,
ಮೇಲೊಂದು ಹಳೆ ಕಂಬಳಿ,
ಅದರ ಮೇಲೆ ನಾಯಿ ಕೆದಕದಂತೆ ತಗಡು.
ಕಾಲವಿಲ್ಲ, ಜಾಗ ಮಾರಿಯಾಗಿದೆ.
ಕೊಂಡವನು ಒಳ್ಳೆಯವನೇ,
ಮೇ ಕಳೆಯುವ ತನಕ ಗರಗಸ ತರುವುದಿಲ್ಲ ಎಂದಿದ್ದಾನೆ.

ಏಪ್ರಿಲ್. ಕಾಡುಸೇಬಿನ ಸಸಿಗಳು ಸಾಲಾಗಿ ನಿಂತಿವೆ,
ಬೆಟ್ಟದ ಕರಡಿ ತಿಂದುಳಿಸಿದ ಬೀಜದವು.
ಚಾಕು ಓರೆಯಾಗಿ ಇಳಿಯುತ್ತದೆ.
ಸೀಳಿಗೆ ಸೀಳು, ನಾಲಗೆಗೆ ನಾಲಗೆ,
ತೊಗಟೆಯಡಿಯ ಹಸಿರು ಪೊರೆಗೆ ಹಸಿರು ಪೊರೆ,
ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಮೇಲೆ ಮೇಣ.
ಕಸಿ.
ಕಿತ್ತುಕೊಳ್ಳುವುದಕ್ಕೂ ಕೂಡಿಸುವುದಕ್ಕೂ
ನನ್ನ ನುಡಿಯಲ್ಲಿ ಒಂದೇ ಮಾತು, ಅಜ್ಜಿಗೆ ಹೇಳಿದೆ.
"ಹಾಗಾದರೆ ನಿಮ್ಮವರೂ ಚಾಕು ಹಿಡಿದವರೇ" ಅಂದಳು.

ಕೊನೆಯ ಸಸಿ ಮೊಮ್ಮಗ ಅಲ್ದಿಯಾರನಿಗೆ. ಒಂಬತ್ತು ವರ್ಷ.
ನಾಲಗೆ ಕಚ್ಚಿಕೊಂಡು ಕೊಯ್ದ, ಕಟ್ಟಿದ, ಮೇಣ ಬಳಿದ.
ಅಜ್ಜಿ ನೋಡಿದಳು. ಏನೂ ಅನ್ನಲಿಲ್ಲ.

ಟೀ ಹೊತ್ತಿಗೆ ಕೇಳಿದ: "ಪಟ್ಟಿಯೊಳಗೆ ಈಗ ಏನಾಗ್ತಿದೆ?"

ತುದಿಯ ಮೊಗ್ಗು ಒಂದು ಮಾತು ಕಳಿಸುತ್ತದೆ, ಆಕ್ಸಿನ್ ಅಂತ,
ಎಂದಳು ಅಕ್ಮಾರಲ್, ಬಟ್ಟಲು ಕೆಳಗಿಟ್ಟು.
ಬೆಂಕಿ ಬಿದ್ದಾಗ ಸಾಲಾಗಿ ನಿಂತು ಬಕೆಟ್ ದಾಟಿಸುತ್ತಾರಲ್ಲ,
ಹಾಗೆ ಕೋಶದಿಂದ ಕೋಶಕ್ಕೆ.
ಪ್ರತಿ ಕೋಶಕ್ಕೂ ಹೊರಬಾಗಿಲು ಬೇರಿನ ಕಡೆಗೇ.
ಚಾಕು ಬಿತ್ತು, ಸಾಲು ಕಡಿಯಿತು.
ಮೇಲೆ ತುಂಬಿ ತುಳುಕುತ್ತದೆ, ಕೆಳಗೆ ಬರಿದು.
ಆ ತುಂಬು, ಈ ಬರಿದು,
ಎರಡರಿಂದಲೇ ಗಾಯಕ್ಕೆ ತಿಳಿಯುವುದು ತಾನು ಗಾಯವೆಂದು.
ಬೇರಿನಿಂದ ಸೈಟೊಕೈನಿನ್ ಏರುತ್ತದೆ:
ಒಡೆಯಿರಿ, ಎರಡಾಗಿ, ನಾಲ್ಕಾಗಿ.
ಕುಲಗೋತ್ರವಿಲ್ಲದ ಮೆತ್ತನೆ ಕೋಶಗಳು ಬಿರುಕು ತುಂಬುತ್ತವೆ.
ಆಮೇಲೆ ಆಕ್ಸಿನ್ ತಡವುತ್ತ ಇಳಿದದ್ದೇ ನಾಳ,
ಜನ ನಡೆದದ್ದೇ ಕಾಲುದಾರಿ ಆಗುವ ಹಾಗೆ.

"ಕಡ್ಡಿ ತಲೆಕೆಳಗಾದರೆ?"

ಸಮೊವಾರ್ ಗೊರಗುಟ್ಟಿತು.
"ಬಾಗಿಲು ತಿರುಗುವುದಿಲ್ಲ, ಮಗಾ. ಮೊಗ್ಗಿನ ಮಾತು
ಬೇರು ಬಿಟ್ಟು ಆಕಾಶಕ್ಕೆ ಹೋಗುತ್ತದೆ."
ಅಜ್ಜಿ ಬೌರ್ಸಾಕ್ ತಟ್ಟೆಯನ್ನು
ಅವನ ಕಡೆ ತಳ್ಳಿದಳು.

ಮೂವತ್ತೊಂದರಲ್ಲಿ ಇಪ್ಪತ್ತಾರು ಚಿಗುರಿದವು.
ಅವನದೂ ಎರಡೆಲೆ ಬಿಟ್ಟಿತು,
ಮೈಯಲ್ಲಿದ್ದ ಬುತ್ತಿ ತಿಂದು. ಮೇ ಕೊನೆಗೆ ಜೋತಿತು.
ಬಿಚ್ಚಿ ನೋಡಿದ: ಕೂಡಿದಲ್ಲಿ ಬಿಳಿ ಗಂಟು, ಊದಿಕೊಂಡು,
ಎರಡೂ ಕಡೆಯಿಂದ.
ಜೇಬಿಗೆ ಹಾಕಿಕೊಂಡ.

ಮರ ಕೆಡವಿದ ದಿನ ಕೊಂಡವನು ಒಂದು ಹೊರೆ ಸೌದೆ ಕಳಿಸಿದ,
ಮಾಂಸ ಸುಡಲು ಸೇಬಿನ ಹೊಗೆ ಚೆಂದವೆಂದು.
ಅಜ್ಜಿ ಬೇಡ ಅನ್ನಲಿಲ್ಲ.

ಜುಲೈ. ಕಟ್ಟಿದ್ದನ್ನು ಬಿಚ್ಚುವ ತಿಂಗಳು,
ಇಲ್ಲವಾದರೆ ಕೂಡಿಸಿದ ಪಟ್ಟಿಯೇ ಕುತ್ತಿಗೆ ಹಿಸುಕುತ್ತದೆ.
ಕನ್ನಡಕ ಮೂಗಿನ ತುದಿಗಿಟ್ಟು
ಒಂದೊಂದೇ ಕತ್ತರಿಸುತ್ತ ಹೋದಳು.
ಎಳೆ ತೊಗಟೆಯ ಮೇಲೆ ಟ್ಯೂಬಿನ ಗೆರೆಗಳು,
ಕಾಲುಚೀಲ ಕಳಚಿದ ಮೇಲೆ ಮಗುವಿನ ಕಾಲಲ್ಲಿ ಉಳಿಯುವಂಥವು.
ಹೆಬ್ಬೆರಳಿನಿಂದ ಉಜ್ಜಿ ನೋಡಿದಳು,
ಹೋಗುತ್ತವೋ ಎಂದು.